ಯುದ್ಧದ ಸ್ವಿಚ್ ಯಾರ ಕೈಯಲ್ಲಿ?

ಅಮೆರಿಕ ಕೊನೆಯ ಸಲ ಅಧಿಕೃತವಾಗಿ ಯುದ್ಧ ಘೋಷಣೆ ಮಾಡಿದ್ದು ಯಾವಾಗ? ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್ ಅಂತ ನಮ್ಮಲ್ಲಿ ಬಹಳ ಜನ ಹೇಳಬಹುದು. ಮೂರೂ ತಪ್ಪು. ಸರಿಯಾದ ಉತ್ತರ 1942ರ ಜೂನ್. ಆ ಘೋಷಣೆ ಬಲ್ಗೇರಿಯಾ, ಹಂಗೇರಿ, ರುಮೇನಿಯಾ ದೇಶಗಳ ವಿರುದ್ಧ ಆಗಿತ್ತು. ಅದಾದ ಮೇಲೆ ಕೊರಿಯಾದಲ್ಲಿ 36 ಸಾವಿರಕ್ಕೂ ಹೆಚ್ಚು, ವಿಯೆಟ್ನಾಂನಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಆ ದೇಶಗಳ ಜನ ಸತ್ತಿದ್ದು ಲಕ್ಷಗಳ ಲೆಕ್ಕದಲ್ಲಿ. ಆದರೆ ಕಾಗದದ ಮೇಲೆ ಇವು ಯಾವುವೂ ಘೋಷಿತ ಯುದ್ಧಗಳಲ್ಲ.

ಘೋಷಣೆಯೇ ಇಲ್ಲದೆ ಇಷ್ಟು ದೊಡ್ಡ ಯುದ್ಧಗಳು ಹೇಗೆ ನಡೆದವು? ಸೈನ್ಯ ಕಳಿಸೋ ಅಧಿಕಾರ ಅಸಲಿಗೆ ಯಾರದ್ದು, ಶಾಸಕಾಂಗದ್ದೋ ಕಾರ್ಯಾಂಗದ್ದೋ? ಹೈಸ್ಕೂಲ್ ಸಿವಿಕ್ಸ್‌ನಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮೂರು ಬಾಕ್ಸ್ ಬರೆದು, ನಡುವೆ ಬಾಣ ಹಾಕಿ, ಐದು ಮಾರ್ಕ್ಸ್ ತಗೊಂಡು ನಾವೆಲ್ಲ ಮುಂದೆ ಬಂದಿದ್ದೇವೆ. ಆ ಬಾಣಗಳು ಯುದ್ಧದ ವಿಷಯದಲ್ಲಿ ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಅನ್ನೋದನ್ನು ಈ ಲೇಖನದಲ್ಲಿ ನೋಡೋಣ. ಇದಕ್ಕೆ ಅಮೆರಿಕವನ್ನೇ ಆರಿಸಿಕೊಂಡಿದ್ದೇವೆ. ಈ ಜಗಳ ಅಲ್ಲಿ 230 ವರ್ಷಕ್ಕೂ ಹೆಚ್ಚು ಕಾಲದಿಂದ ಬಹಿರಂಗವಾಗಿ, ದಾಖಲೆ ಸಮೇತ ನಡೆಯುತ್ತಿದೆ.

ಶುರು ಮಾಡೋ ಮುಂಚೆ ಒಂದು ಸ್ಪಷ್ಟನೆ. ಇಲ್ಲಿ ‘ಕಾಂಗ್ರೆಸ್’ ಅಂದ್ರೆ ನಮ್ಮ ರಾಜಕೀಯ ಪಕ್ಷ ಅಲ್ಲ, ಅಮೆರಿಕದ ಸಂಸತ್ತು. ಅದರಲ್ಲಿ ಎರಡು ಸದನ: 435 ಸದಸ್ಯರ ಜನಪ್ರತಿನಿಧಿ ಸಭೆ (ಚಿಕ್ಕದಾಗಿ ‘ಹೌಸ್’ ಅನ್ನೋಣ), 100 ಸದಸ್ಯರ ಸೆನೆಟ್. ಅಧ್ಯಕ್ಷರು ಈ ಎರಡರಲ್ಲೂ ಸದಸ್ಯರಲ್ಲ. ನಮ್ಮ ಪ್ರಧಾನಿಯ ಹಾಗೆ ಸದನದ ಬಹುಮತದ ಮೇಲೆ ಅವರ ಕುರ್ಚಿ ನಿಂತಿಲ್ಲ. ನಾಲ್ಕು ವರ್ಷಕ್ಕೆ ಬೇರೆಯೇ ಚುನಾವಣೆಯಲ್ಲಿ ಗೆದ್ದು ಬರುತ್ತಾರೆ.

ಒಂದು ಪದ ಬದಲಾಯಿತು

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆಯುವವರು ಸೇರಿದ್ದರು. ಬ್ರಿಟನ್ನಿನ ರಾಜನ ವಿರುದ್ಧ ಯುದ್ಧ ಮಾಡಿ ಸ್ವಾತಂತ್ರ್ಯ ಪಡೆದು ಆಗಿನ್ನೂ ಕೆಲವೇ ವರ್ಷ. ಬ್ರಿಟನ್ನಿನಲ್ಲಿ ಯುದ್ಧ ಘೋಷಿಸುವುದು ರಾಜನ ಹಕ್ಕು. ರಾಜನಿಗೆ ಮನಸ್ಸು ಬಂದರೆ ಯುದ್ಧ, ಅದರ ತೆರಿಗೆ ಮಾತ್ರ ಜನರ ಮೇಲೆ. ಇದು ತಮ್ಮ ದೇಶದಲ್ಲಿ ಆಗಬಾರದು ಅನ್ನೋದು ಅಲ್ಲಿ ಕೂತಿದ್ದ ಬಹುತೇಕರ ಅಭಿಪ್ರಾಯವಾಗಿತ್ತು.

ಕರಡಿನಲ್ಲಿ ‘ಯುದ್ಧ ಮಾಡುವ’ ಅಧಿಕಾರ ಕಾಂಗ್ರೆಸ್‌ಗೆ ಅಂತ ಇತ್ತು. ಆಗಸ್ಟ್ 17ರಂದು ಅದರ ಬಗ್ಗೆ ಚರ್ಚೆ ಬಂತು. ಪಿಯರ್ಸ್ ಬಟ್ಲರ್ ಅನ್ನುವವರು ಈ ಅಧಿಕಾರ ಅಧ್ಯಕ್ಷರಿಗೇ ಇರಲಿ ಅಂದರು. ಎಲ್‌ಬ್ರಿಡ್ಜ್ ಗೆರಿ ಅದನ್ನು ಕೇಳಿ ದಂಗಾದರು. ಗಣರಾಜ್ಯದಲ್ಲಿ ಇಂಥ ಸೂಚನೆ ಬರಬಹುದು ಅಂತ ಅವರು ಅಂದುಕೊಂಡೇ ಇರಲಿಲ್ಲ. ಕೊನೆಗೆ ಮ್ಯಾಡಿಸನ್ ಮತ್ತು ಗೆರಿ ಒಂದು ತಿದ್ದುಪಡಿ ತಂದರು: ‘ಯುದ್ಧ ಮಾಡುವ’ ಅನ್ನೋದನ್ನು ತೆಗೆದು ‘ಯುದ್ಧ ಘೋಷಿಸುವ’ ಅಂತ ಹಾಕುವುದು. ಕಾರಣ ಸರಳ. ಕಾಂಗ್ರೆಸ್ ಸೇರದೇ ಇರೋ ಸಮಯದಲ್ಲಿ ಯಾರಾದರೂ ದಾಳಿ ಮಾಡಿದರೆ ಸದಸ್ಯರು ಕುದುರೆ ಗಾಡಿಯಲ್ಲಿ ಬಂದು ಸೇರುವ ತನಕ ಕಾಯೋಕೆ ಆಗಲ್ಲ. ಹಠಾತ್ ದಾಳಿಯನ್ನು ತಡೆಯುವಷ್ಟು ಅವಕಾಶ ಅಧ್ಯಕ್ಷರಿಗೆ ಇರಲಿ, ಯುದ್ಧಕ್ಕೆ ಹೋಗಬೇಕೋ ಬೇಡವೋ ಅನ್ನುವ ತೀರ್ಮಾನ ಕಾಂಗ್ರೆಸ್‌ನದ್ದೇ ಆಗಿರಲಿ.

ಹೀಗೆ ಸಂವಿಧಾನದ 1ನೇ ವಿಧಿಯ 8ನೇ ಸೆಕ್ಷನ್‌ನಲ್ಲಿ ಯುದ್ಧ ಘೋಷಣೆ, ಸೇನೆ ಕಟ್ಟುವುದು, ನೌಕಾಪಡೆ ಸಾಕುವುದು, ಅದಕ್ಕೆ ಹಣ ಕೊಡುವುದು ಎಲ್ಲಾ ಕಾಂಗ್ರೆಸ್ ಪಾಲಿಗೆ ಬಂತು. ಭೂಸೇನೆಗೆ ಒಂದು ಸಲಕ್ಕೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಣ ಮಂಜೂರು ಮಾಡಬಾರದು ಅಂತಲೂ ಬರೆದರು. 2ನೇ ವಿಧಿ ಅಧ್ಯಕ್ಷರನ್ನು ಸೇನೆಯ ಮಹಾದಂಡನಾಯಕ ಅಂತ ಕರೆಯಿತು. ಅಂದ್ರೆ ಯುದ್ಧ ಬೇಕೋ ಬೇಡವೋ ಅನ್ನೋದು ಒಬ್ಬರ ಕೈಯಲ್ಲಿ, ಬೇಕು ಅಂತಾದ ಮೇಲೆ ನಡೆಸುವುದು ಇನ್ನೊಬ್ಬರ ಕೈಯಲ್ಲಿ.

ಲ್ಯಾಬ್‌ನಲ್ಲಿ ರಿಲೇ ಕನೆಕ್ಟ್ ಮಾಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ರಿಲೇಯಲ್ಲಿ ‘ನಾರ್ಮಲಿ ಓಪನ್’, ‘ನಾರ್ಮಲಿ ಕ್ಲೋಸ್ಡ್’ ಅಂತ ಎರಡು ಥರದ ಕಾಂಟ್ಯಾಕ್ಟ್ ಇರುತ್ತವೆ. ಮೊದಲನೆಯದರಲ್ಲಿ ಕಾಯಿಲ್‌ಗೆ ಕರೆಂಟ್ ಕೊಡುವ ತನಕ ಸರ್ಕ್ಯೂಟ್ ಆಫ್. ಎರಡನೆಯದರಲ್ಲಿ ಕಾಯಿಲ್‌ಗೆ ಕರೆಂಟ್ ಕೊಡುವ ತನಕ ಸರ್ಕ್ಯೂಟ್ ಆನ್. 1787ರವರು ಮಾಡಿದ್ದು ನಾರ್ಮಲಿ ಓಪನ್ ವ್ಯವಸ್ಥೆ. ಕಾಂಗ್ರೆಸ್ ಏನೂ ಮಾಡದೆ ಸುಮ್ಮನೆ ಕೂತರೆ ಯುದ್ಧ ಇಲ್ಲ. ಮುಂದೆ ನಡೆದದ್ದೆಲ್ಲ ಈ ಕಾಂಟ್ಯಾಕ್ಟ್ ನಿಧಾನವಾಗಿ ಉಲ್ಟಾ ಆದ ಕಥೆ.

ಮೊದಲ ಬಿರುಕು

1846ರಲ್ಲಿ ಅಧ್ಯಕ್ಷ ಪೋಲ್ಕ್, ಅಮೆರಿಕ ಮತ್ತು ಮೆಕ್ಸಿಕೊ ಎರಡೂ ತಮ್ಮದು ಅನ್ನುತ್ತಿದ್ದ ಜಾಗಕ್ಕೆ ಸೈನ್ಯ ಕಳಿಸಿದರು. ಅಲ್ಲಿ ಗುಂಡಿನ ಚಕಮಕಿ ಆಯಿತು. ಅಮೆರಿಕದ ನೆಲದಲ್ಲಿ ಅಮೆರಿಕನ್ನರ ರಕ್ತ ಬಿದ್ದಿದೆ ಅಂತ ಪೋಲ್ಕ್ ಕಾಂಗ್ರೆಸ್‌ಗೆ ಹೇಳಿದರು. ಕಾಂಗ್ರೆಸ್ ಯುದ್ಧ ಘೋಷಿಸಿತು. ನಿಯಮದ ಪ್ರಕಾರ ಎಲ್ಲಾ ಸರಿಯಾಗಿಯೇ ನಡೆದಿತ್ತು. ಆದರೆ ಇಲಿನಾಯ್‌ನಿಂದ ಹೊಸದಾಗಿ ಆರಿಸಿ ಬಂದ ಒಬ್ಬ ಸದಸ್ಯ 1847ರ ಡಿಸೆಂಬರ್‌ನಲ್ಲಿ ಎದ್ದು ನಿಂತು, ಆ ರಕ್ತ ಬಿದ್ದ ಜಾಗ ನಿಖರವಾಗಿ ಎಲ್ಲಿದೆ ತೋರಿಸಿ ಅಂತ ನಿರ್ಣಯಗಳನ್ನು ಮಂಡಿಸಿದರು. ಅವರ ಹೆಸರು ಅಬ್ರಹಾಂ ಲಿಂಕನ್.

ಲಿಂಕನ್ ಹಿಡಿದದ್ದು ಸರಿಯಾದ ಎಳೆ. ಘೋಷಿಸುವ ಅಧಿಕಾರ ಕಾಂಗ್ರೆಸ್‌ನದ್ದೇ ಇರಬಹುದು, ಆದರೆ ಸೈನ್ಯವನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು ಮಹಾದಂಡನಾಯಕರ ಕೈಯಲ್ಲಿದೆ. ಜಗಳ ಹುಟ್ಟುವ ಜಾಗದಲ್ಲೇ ಸೈನ್ಯ ನಿಲ್ಲಿಸಿದರೆ, ಆಮೇಲೆ ಕಾಂಗ್ರೆಸ್‌ಗೆ ಬೇಡ ಅನ್ನೋಕೆ ದಾರಿ ಇರಲ್ಲ. ನಮ್ಮ ಹುಡುಗರು ಅಲ್ಲಿ ಗುಂಡು ತಿನ್ನುತ್ತಿದ್ದಾರೆ, ನೀವು ಮದ್ದುಗುಂಡಿಗೆ ದುಡ್ಡು ಕೊಡಲ್ವಾ ಅಂತ ಕೇಳಿದರೆ ಯಾವ ಸದಸ್ಯ ತಾನೇ ಇಲ್ಲ ಅಂತಾನೆ?

ವಿಚಿತ್ರ ಏನಂದ್ರೆ, 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಇದೇ ಲಿಂಕನ್ ಅಧ್ಯಕ್ಷರಾಗಿ, ಕಾಂಗ್ರೆಸ್ ಸೇರುವ ಮುಂಚೆಯೇ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಕಾಂಗ್ರೆಸ್ ಜುಲೈನಲ್ಲಿ ಸೇರಿ ಆಮೇಲೆ ಒಪ್ಪಿಗೆ ಕೊಟ್ಟಿತು. 1863ರಲ್ಲಿ ಸುಪ್ರೀಂ ಕೋರ್ಟ್ 5-4 ಅಂತರದಲ್ಲಿ ಲಿಂಕನ್ ಪರ ತೀರ್ಪು ಕೊಟ್ಟಿತು. ಕುರ್ಚಿ ಬದಲಾದರೆ ಅದೇ ಮನುಷ್ಯನ ಕೈ ಬೇರೆ ಥರ ಕೆಲಸ ಮಾಡುತ್ತೆ. ಹಾಗಾಗಿ ಈ ಪ್ರಶ್ನೆಯನ್ನು ಒಳ್ಳೆ ಅಧ್ಯಕ್ಷ, ಕೆಟ್ಟ ಅಧ್ಯಕ್ಷ ಅಂತ ನೋಡಿದರೆ ಉತ್ತರ ಸಿಗಲ್ಲ. ಯಾರೇ ಕೂತರೂ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ನೋಡಬೇಕು.

ಸೈನ್ಯ ಮೊದಲೇ ರೆಡಿ ಇದ್ದರೆ

ಎರಡನೇ ಮಹಾಯುದ್ಧದ ತನಕ ಒಂದು ನೈಸರ್ಗಿಕ ತಡೆ ಇತ್ತು. ಶಾಂತಿಕಾಲದಲ್ಲಿ ಅಮೆರಿಕದ ಸೈನ್ಯ ಚಿಕ್ಕದು. ದೊಡ್ಡ ಯುದ್ಧ ಮಾಡಬೇಕಾದರೆ ಅಧ್ಯಕ್ಷರು ಕಾಂಗ್ರೆಸ್ ಮುಂದೆ ಹೋಗಿ ಸೈನ್ಯ ಕಟ್ಟೋಕೆ ಅನುಮತಿ, ದುಡ್ಡು ಕೇಳಲೇಬೇಕಿತ್ತು. 1945ರ ನಂತರ ಸೋವಿಯತ್ ಒಕ್ಕೂಟದ ಜೊತೆ ಶೀತಲ ಸಮರ ಶುರುವಾಯಿತು. ದೊಡ್ಡ ಸೈನ್ಯ, ಜಗತ್ತಿನ ತುಂಬ ನೆಲೆಗಳು, ಅಣುಬಾಂಬು ಎಲ್ಲಾ ಕಾಯಂ ಆದವು. ಕೇಳಿ ಪಡೆಯಬೇಕಾಗಿದ್ದದ್ದು ಈಗ ಮೊದಲೇ ಕೈಯಲ್ಲಿ ಇತ್ತು.

ಇದರ ಫಲ 1950ರಲ್ಲೇ ಕಂಡಿತು. ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ದಾಳಿ ಮಾಡಿತು. ಅಧ್ಯಕ್ಷ ಟ್ರೂಮನ್ ಕೆಲವೇ ದಿನಗಳಲ್ಲಿ ಸೈನ್ಯ ಇಳಿಸಿದರು. ಕಾಂಗ್ರೆಸ್‌ನ ಮತ ಕೇಳಲಿಲ್ಲ. ಇದು ವಿಶ್ವಸಂಸ್ಥೆಯ ಪೊಲೀಸ್ ಕಾರ್ಯಾಚರಣೆಯೇ ಅಂತ ಪತ್ರಕರ್ತರೊಬ್ಬರು ಕೇಳಿದಾಗ ಹೌದು ಅಂದರು. ಆ ‘ಪೊಲೀಸ್ ಕಾರ್ಯಾಚರಣೆ’ ಮೂರು ವರ್ಷ ನಡೆಯಿತು. (ಅದು ನಿಂತ ಮೇಲೆ ತಾಯ್ನಾಡಿಗೆ ಹೋಗಲು ಒಪ್ಪದ ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ.)

ಆದರೆ ಇದೇ ಯುದ್ಧದ ನಡುವೆ ಟ್ರೂಮನ್‌ಗೆ ಒಂದು ತಡೆಯೂ ಬಿತ್ತು. 1952ರಲ್ಲಿ ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಆಗುವ ಹಾಗಿತ್ತು. ಯುದ್ಧಕ್ಕೆ ಉಕ್ಕು ಬೇಕು ಅಂತ ಟ್ರೂಮನ್ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತಗೊಂಡರು. ಸುಪ್ರೀಂ ಕೋರ್ಟ್ 6-3ರಲ್ಲಿ ಇದಕ್ಕೆ ಅಧಿಕಾರ ಇಲ್ಲ ಅಂತ ಹೇಳಿತು. ನ್ಯಾಯಮೂರ್ತಿ ಜಾಕ್ಸನ್ ಆಗ ಕೊಟ್ಟ ವಿವರಣೆ ಇಂದಿಗೂ ಕಾನೂನು ವಿದ್ಯಾರ್ಥಿಗಳಿಗೆ ಪಾಠ. ಕಾಂಗ್ರೆಸ್ ಒಪ್ಪಿಗೆ ಕೊಟ್ಟಿದ್ದರೆ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಏನೂ ಹೇಳದೆ ಇದ್ದರೆ ಅದು ಮಬ್ಬು ಪ್ರದೇಶ. ಕಾಂಗ್ರೆಸ್ ಬೇಡ ಅಂದಿದ್ದರೆ ಅಧ್ಯಕ್ಷರ ಬಲ ಅತಿ ಕಡಿಮೆ. ಆ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಕಾಂಗ್ರೆಸ್ ಸುಮ್ಮನೆ ಕೂತಷ್ಟೂ ಆ ಮಬ್ಬು ಪ್ರದೇಶ ಅಧ್ಯಕ್ಷರ ಕಡೆಗೇ ವಾಲುತ್ತಾ ಹೋಯಿತು.

ಟೊಂಕಿನ್ ಕೊಲ್ಲಿ ಮತ್ತು 19ರ ಹುಡುಗರು

1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಉತ್ತರ ವಿಯೆಟ್ನಾಂನ ದೋಣಿಗಳು ಅಮೆರಿಕದ ಯುದ್ಧನೌಕೆಯ ಮೇಲೆ ದಾಳಿ ಮಾಡಿದವು. 4ನೇ ತಾರೀಖು ಎರಡನೇ ದಾಳಿ ಆಯಿತು ಅಂತ ವರದಿ ಬಂತು. ಆಗಸ್ಟ್ 7ರಂದು ಕಾಂಗ್ರೆಸ್ ಒಂದು ನಿರ್ಣಯ ಪಾಸ್ ಮಾಡಿತು. ದಾಳಿ ತಡೆಯಲು ಬೇಕಾದ ಎಲ್ಲಾ ಕ್ರಮ ತಗೊಳ್ಳಬಹುದು ಅಂತ ಅಧ್ಯಕ್ಷ ಜಾನ್ಸನ್‌ಗೆ ಒಪ್ಪಿಗೆ ಸಿಕ್ಕಿತು. ಹೌಸ್‌ನಲ್ಲಿ 416-0, ಸೆನೆಟ್‌ನಲ್ಲಿ 88-2. ಎರಡನೇ ದಾಳಿ ನಡೆದೇ ಇರಲಿಲ್ಲ ಅನ್ನೋದು ಆಮೇಲೆ ಬಂದ ಸರ್ಕಾರದ ದಾಖಲೆಗಳಿಂದಲೇ ಗೊತ್ತಾಯಿತು. ಕೆಲವೇ ಗಂಟೆಗಳ ಚರ್ಚೆಯ ನಂತರ ಕೊಟ್ಟ ಆ ಒಪ್ಪಿಗೆಯ ಮೇಲೆ, 1969ರ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಸೈನಿಕರು ವಿಯೆಟ್ನಾಂನಲ್ಲಿದ್ದರು.

ಇಷ್ಟು ಜನ ಎಲ್ಲಿಂದ ಬಂದರು? ಬಹಳಷ್ಟು ಜನ ಕಡ್ಡಾಯ ಸೇನಾ ಭರ್ತಿಯಿಂದ ಬಂದವರು. ಅದಕ್ಕೆ ‘ಡ್ರಾಫ್ಟ್’ ಅಂತಾರೆ. 1969ರ ಡಿಸೆಂಬರ್ 1ರಂದು ವರ್ಷದ ಎಲ್ಲಾ ದಿನಾಂಕಗಳನ್ನು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಕ್ಯಾಪ್ಸೂಲ್‌ನಲ್ಲಿ ಹಾಕಿ, ಗಾಜಿನ ಪಾತ್ರೆಯಿಂದ ಒಂದೊಂದಾಗಿ ಎತ್ತಿದರು. ಟಿವಿಯಲ್ಲಿ ನೇರ ಪ್ರಸಾರ. ಮೊದಲು ಬಂದದ್ದು ಸೆಪ್ಟೆಂಬರ್ 14. 1944ರಿಂದ 1950ರ ನಡುವೆ ಆ ದಿನ ಹುಟ್ಟಿದ ಹುಡುಗರು ಮೊದಲ ಸಾಲಿನಲ್ಲಿ. ಅಂದ್ರೆ ಸುಮಾರು 19ರಿಂದ 25 ವಯಸ್ಸಿನವರು, ನಮ್ಮ ಕ್ಲಾಸ್ ಮತ್ತು ನಮ್ಮ ಸೀನಿಯರ್‌ಗಳ ವಯಸ್ಸು. ಆಗ ಮತದಾನದ ವಯಸ್ಸು ಅಲ್ಲಿ ಸಾಮಾನ್ಯವಾಗಿ 21. ಯುದ್ಧಕ್ಕೆ ಹೋಗಬೇಕಾದವರಲ್ಲಿ ಅನೇಕರಿಗೆ, ಆ ಯುದ್ಧದ ಬಗ್ಗೆ ಮತ ಹಾಕುವ ಸದಸ್ಯರನ್ನು ಆರಿಸುವ ಹಕ್ಕೂ ಇರಲಿಲ್ಲ. 1971ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಅದನ್ನು 18ಕ್ಕೆ ಇಳಿಸಿದ್ದಕ್ಕೆ ಇದೇ ದೊಡ್ಡ ಕಾರಣ.

1970ರ ಏಪ್ರಿಲ್ ಕೊನೆಯಲ್ಲಿ ಅಧ್ಯಕ್ಷ ನಿಕ್ಸನ್ ಪಕ್ಕದ ಕಾಂಬೋಡಿಯಾಕ್ಕೂ ಸೈನ್ಯ ನುಗ್ಗಿಸಿದರು. ಅದಕ್ಕೂ ಒಂದು ವರ್ಷ ಮುಂಚಿನಿಂದ ಅಲ್ಲಿ ಗುಟ್ಟಾಗಿ ಬಾಂಬ್ ಹಾಕಲಾಗುತ್ತಿತ್ತು. ಕಾಲೇಜುಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಮೇ 4ರಂದು ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ನ್ಯಾಷನಲ್ ಗಾರ್ಡ್ ಪಡೆ ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಪ್ರತಿಭಟನೆಗೆ ಸೇರದೆ ಕ್ಲಾಸಿಗೆ ಹೋಗುತ್ತಿದ್ದವರೂ ಇದ್ದರು.

ಕಾಂಗ್ರೆಸ್ ಕೊನೆಗೂ ಎಚ್ಚರ ಆಯಿತು. 1971ರ ಜನವರಿಯಲ್ಲಿ ಟೊಂಕಿನ್ ನಿರ್ಣಯ ರದ್ದಾಯಿತು. ಮಹಾದಂಡನಾಯಕನಾಗಿ ನನಗೆ ಅಧಿಕಾರ ಇದ್ದೇ ಇದೆ ಅಂತ ನಿಕ್ಸನ್ ಯುದ್ಧ ಮುಂದುವರಿಸಿದರು. ನಿಜವಾಗಿ ಕೆಲಸ ಮಾಡಿದ್ದು ದುಡ್ಡಿನ ಬೀಗ. 1973ರ ಆಗಸ್ಟ್ 15ರ ನಂತರ ಇಂಡೋಚೀನಾದ ಯುದ್ಧಕ್ಕೆ ಒಂದು ಪೈಸೆಯೂ ಇಲ್ಲ ಅಂತ ಕಾಂಗ್ರೆಸ್ ಕಾನೂನು ಮಾಡಿತು. ಕಾಂಬೋಡಿಯಾದ ಮೇಲಿನ ಬಾಂಬ್ ದಾಳಿ ಅಂದೇ ನಿಂತಿತು.

60 ದಿನದ ಟೈಮರ್

ಅದೇ ವರ್ಷ ನವೆಂಬರ್ 7ರಂದು ‘ಯುದ್ಧಾಧಿಕಾರ ನಿರ್ಣಯ’ ಅನ್ನುವ ಕಾನೂನು ಬಂತು. ನಿಕ್ಸನ್ ವೀಟೋ ಮಾಡಿದ್ದರು. ವೀಟೋ ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಹೌಸ್‌ನಲ್ಲಿ ಬೇಕಿದ್ದದ್ದು 280, ಬಂದದ್ದು 284. ಸೆನೆಟ್‌ನಲ್ಲಿ 75-18.

ಕಾನೂನಿನ ಲಾಜಿಕ್ ಹೀಗಿದೆ:

1. ಸೈನ್ಯವನ್ನು ಕಾದಾಟಕ್ಕೆ ಇಳಿಸುವ ಮುಂಚೆ, ಸಾಧ್ಯವಿದ್ದಾಗಲೆಲ್ಲ ಅಧ್ಯಕ್ಷರು ಕಾಂಗ್ರೆಸ್ ಜೊತೆ ಸಮಾಲೋಚನೆ ಮಾಡಬೇಕು.
2. ಇಳಿಸಿದ 48 ಗಂಟೆಯೊಳಗೆ ಲಿಖಿತ ವರದಿ ಕೊಡಬೇಕು.
3. ಅಲ್ಲಿಂದ 60 ದಿನದೊಳಗೆ ಕಾಂಗ್ರೆಸ್ ಒಪ್ಪಿಗೆ ಕೊಡದಿದ್ದರೆ ಸೈನ್ಯ ವಾಪಸ್ ಬರಬೇಕು. ಸುರಕ್ಷಿತವಾಗಿ ಹಿಂದೆ ಬರಲು ಇನ್ನೂ 30 ದಿನ ಸಿಗಬಹುದು.
4. ಅದಕ್ಕೂ ಮುಂಚೆ ಯಾವಾಗ ಬೇಕಾದರೂ ಎರಡೂ ಸದನಗಳು ಸರಳ ಬಹುಮತದಿಂದ ‘ಸೈನ್ಯ ವಾಪಸ್ ತರಿ’ ಅಂದರೆ ತರಬೇಕು. ಇದಕ್ಕೆ ಅಧ್ಯಕ್ಷರ ಸಹಿ ಬೇಡ.

ಉದ್ದೇಶ ಏನು ಅಂತ ನೋಡಿ. ಕಾಂಗ್ರೆಸ್ ಸುಮ್ಮನೆ ಕೂತರೂ ಟೈಮರ್ ಮುಗಿದು ಸರ್ಕ್ಯೂಟ್ ಆಫ್ ಆಗಬೇಕು. ಹಳೆಯ ನಾರ್ಮಲಿ ಓಪನ್ ವ್ಯವಸ್ಥೆಯನ್ನು ವಾಪಸ್ ತರುವ ಪ್ರಯತ್ನ ಇದು. ಕಾಂಗ್ರೆಸ್ ಏನೂ ಮಾಡದೇ ಇದ್ದರೂ ಅಧ್ಯಕ್ಷರ ಅಧಿಕಾರ ತಾನಾಗಿ ಹೋಗುತ್ತೆ ಅನ್ನೋದೇ ನಿಕ್ಸನ್ ಅವರ ತಕರಾರೂ ಆಗಿತ್ತು. ಇನ್ನೊಂದು ಕಡೆಯಿಂದಲೂ ವಿರೋಧ ಬಂತು. ಯುದ್ಧದ ವಿರೋಧಿಯಾಗಿದ್ದ ಸೆನೆಟರ್ ಥಾಮಸ್ ಈಗಲ್‌ಟನ್ ಈ ಕಾನೂನಿಗೆ ವಿರುದ್ಧ ಮತ ಹಾಕಿದರು. ಇಲ್ಲಿಯ ತನಕ ಅಧ್ಯಕ್ಷರಿಗೆ ಒಂದು ದಿನವೂ ಇರಲಿಲ್ಲ, ಈಗ ನಾವೇ 60, 90 ದಿನ ಬರೆದು ಕೊಡುತ್ತಿದ್ದೇವೆ ಅನ್ನೋ ಅರ್ಥದ ವಾದ ಅವರದ್ದು.

ಒಬ್ಬ ವಿದ್ಯಾರ್ಥಿಯ ವೀಸಾ ಕೇಸ್

ನಾಲ್ಕನೇ ಅಂಶ, ಅಂದ್ರೆ ಸಹಿ ಬೇಡದ ಆ ಆಫ್ ಬಟನ್, ಹತ್ತು ವರ್ಷದಲ್ಲಿ ಹಾಳಾಯಿತು. ಹಾಳಾಗಿದ್ದು ಯುದ್ಧಕ್ಕೆ ಸಂಬಂಧವೇ ಇಲ್ಲದ ಕೇಸ್‌ನಿಂದ.

ಕೆನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜಗದೀಶ್ ರಾಯ್ ಚಡ್ಡಾ ಅಮೆರಿಕಕ್ಕೆ ಸ್ಟೂಡೆಂಟ್ ವೀಸಾದಲ್ಲಿ ಬಂದಿದ್ದರು. ವೀಸಾ ಮುಗಿಯಿತು. ಅವರನ್ನು ದೇಶದಿಂದ ಹೊರಗೆ ಕಳಿಸುವುದು ಬೇಡ ಅಂತ ಇಮಿಗ್ರೇಷನ್ ಅಧಿಕಾರಿಗಳ ಕಡೆಯಿಂದ ತೀರ್ಮಾನ ಆಗಿತ್ತು. ಆದರೆ ಆ ಕಾಲದ ಕಾನೂನಿನ ಪ್ರಕಾರ ಇಂಥ ತೀರ್ಮಾನವನ್ನು ಒಂದೇ ಸದನ ರದ್ದು ಮಾಡಬಹುದಿತ್ತು, ಹೌಸ್ ರದ್ದು ಮಾಡಿತು. ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯಿತು. 1983ರ ಜೂನ್‌ನಲ್ಲಿ 7-2 ತೀರ್ಪು: ಕಾನೂನಿನ ಪರಿಣಾಮ ಇರುವ ಯಾವ ನಿರ್ಧಾರವೂ ಎರಡೂ ಸದನಗಳಲ್ಲಿ ಪಾಸ್ ಆಗಿ ಅಧ್ಯಕ್ಷರ ಮುಂದೆ ಹೋಗಲೇಬೇಕು. ಚಡ್ಡಾ ಗೆದ್ದರು. ಜೊತೆಗೆ ನೂರಾರು ಕಾನೂನುಗಳಲ್ಲಿದ್ದ ಇಂಥ ಅಡ್ಡದಾರಿಗಳ ಬುಡ ಅಲ್ಲಾಡಿತು. 1973ರ ಕಾನೂನಿನ ನಾಲ್ಕನೇ ಅಂಶವೂ ಅದರಲ್ಲಿ ಸಿಕ್ಕಿಕೊಂಡಿತು.

ಈಗ ಲೆಕ್ಕ ಹಾಕೋಣ. ಯುದ್ಧ ನಿಲ್ಲಿಸಿ ಅಂತ ಕಾಂಗ್ರೆಸ್ ಹೇಳಬೇಕಾದರೆ ನಿರ್ಣಯ ಅಧ್ಯಕ್ಷರ ಸಹಿಗೆ ಹೋಗುತ್ತೆ. ಯುದ್ಧ ನಡೆಸುತ್ತಿರುವವರೇ ಅವರು, ಸಹಜವಾಗಿ ವೀಟೋ ಮಾಡುತ್ತಾರೆ. ವೀಟೋ ಮುರಿಯಲು ಎಲ್ಲಾ ಸದಸ್ಯರೂ ಹಾಜರಿದ್ದರೆ ಹೌಸ್‌ನಲ್ಲಿ 290, ಸೆನೆಟ್‌ನಲ್ಲಿ 67 ಮತ ಬೇಕು. ಅಂದ್ರೆ ಅಧ್ಯಕ್ಷರ ಜೊತೆ 34 ಸೆನೆಟರ್‌ಗಳಿದ್ದರೆ ಸಾಕು, ಉಳಿದ ಇಡೀ ಕಾಂಗ್ರೆಸ್ ಬೇಡ ಅಂದರೂ ಈ ದಾರಿಯಲ್ಲಿ ಯುದ್ಧ ನಿಲ್ಲಿಸೋಕೆ ಆಗಲ್ಲ. 1787ರಲ್ಲಿ ಯುದ್ಧ ಶುರು ಮಾಡೋಕೆ ಎರಡೂ ಸದನಗಳ ಬಹುಮತ ಬೇಕಿತ್ತು. ಈಗ ನಿಲ್ಲಿಸೋಕೆ ಅದಕ್ಕಿಂತ ದೊಡ್ಡ ಬಹುಮತ ಬೇಕು. ನಾರ್ಮಲಿ ಓಪನ್ ಇದ್ದದ್ದು ನಾರ್ಮಲಿ ಕ್ಲೋಸ್ಡ್ ಆಯಿತು.

ಇದು ಬರೀ ಊಹೆ ಅಲ್ಲ. 2019ರಲ್ಲಿ ಯೆಮೆನ್ ಯುದ್ಧಕ್ಕೆ ಅಮೆರಿಕ ಕೊಡುತ್ತಿದ್ದ ಸೇನಾ ನೆರವು ನಿಲ್ಲಿಸುವ ನಿರ್ಣಯ ಸೆನೆಟ್‌ನಲ್ಲಿ 54-46, ಹೌಸ್‌ನಲ್ಲಿ 247-175ರಿಂದ ಪಾಸ್ ಆಯಿತು. ಅಧ್ಯಕ್ಷ ಟ್ರಂಪ್ ವೀಟೋ ಮಾಡಿದರು. ಸೆನೆಟ್‌ನಲ್ಲಿ ಮತ್ತೆ ಮತಕ್ಕೆ ಹಾಕಿದಾಗ 53-45 ಬಂತು. ಬಹುಮತ ಇತ್ತು, ಮೂರನೇ ಎರಡರಷ್ಟು ಇರಲಿಲ್ಲ. 2020ರಲ್ಲಿ ಇರಾನ್ ವಿಷಯದಲ್ಲೂ ಇದೇ ಕಥೆ: ಎರಡೂ ಸದನದಲ್ಲಿ ಪಾಸ್, ವೀಟೋ, ಆಮೇಲೆ 49-44, ಮುಗಿಯಿತು.

ಟೈಮರ್ ಶುರುವೇ ಆಗದಿದ್ದರೆ?

ಸರಿ, ಬಟನ್ ಹೋಯಿತು. 60 ದಿನದ ಟೈಮರ್ ಇದೆಯಲ್ಲ? ಅದಕ್ಕೂ ಉಪಾಯ ಇದೆ. ಟೈಮರ್ ಶುರುವಾಗಬೇಕಾದರೆ ಸೈನ್ಯ ‘ಕಾದಾಟ’ದಲ್ಲಿ ಇದೆ ಅನ್ನುವ ವರದಿ ಬರಬೇಕು. ಅಧ್ಯಕ್ಷರು ವರದಿ ಕಳಿಸುತ್ತಾರೆ, ಆದರೆ ‘ಈ ಕಾನೂನಿನ ಪ್ರಕಾರ’ ಅಂತ ಬರೆಯಲ್ಲ, ‘ಈ ಕಾನೂನಿಗೆ ಅನುಗುಣವಾಗಿ’ ಅಂತ ಬರೆಯುತ್ತಾರೆ. ಕೇಳೋಕೆ ಒಂದೇ ಥರ, ಪರಿಣಾಮ ಬೇರೆ.

1999ರಲ್ಲಿ ಕೊಸೊವೊ ವಿಚಾರಕ್ಕೆ ಯುಗೊಸ್ಲಾವಿಯಾದ ಮೇಲೆ 78 ದಿನ ಬಾಂಬ್ ದಾಳಿ ನಡೆಯಿತು. ಅದಕ್ಕೆ ಬೆಂಬಲ ಕೊಡುವ ನಿರ್ಣಯ ಹೌಸ್‌ನಲ್ಲಿ 213-213 ಸಮ ಆಗಿ ಬಿದ್ದುಹೋಯಿತು. ಆದರೂ ಅದೇ ಕಾಂಗ್ರೆಸ್ ದಾಳಿಗೆ ಹಣ ಕೊಟ್ಟಿತು. ಹಣ ಕೊಟ್ಟ ಮೇಲೆ ಒಪ್ಪಿಗೆ ಕೊಟ್ಟ ಹಾಗೇ ಅಲ್ವಾ ಅಂತ ಕ್ಲಿಂಟನ್ ಸರ್ಕಾರದ ವಕೀಲರು ವಾದಿಸಿದರು. ಕೆಲವು ಸದಸ್ಯರು ಕೋರ್ಟ್‌ಗೆ ಹೋದರು. ನಿಮಗೆ ಕೇಸ್ ಹಾಕುವ ಅರ್ಹತೆ ಇಲ್ಲ ಅಂತ ಕೋರ್ಟ್ ವಾಪಸ್ ಕಳಿಸಿತು.

2011ರಲ್ಲಿ ಲಿಬಿಯಾ. ಮಾರ್ಚ್ 19ರಂದು ದಾಳಿ ಶುರು. ಮೇ ತಿಂಗಳಲ್ಲಿ 60 ದಿನ ಮುಗಿಯಿತು. ಆಗ ಒಬಾಮಾ ಸರ್ಕಾರ ಹೇಳಿದ್ದು: ನೆಲದ ಮೇಲೆ ನಮ್ಮ ಸೈನಿಕರಿಲ್ಲ, ನಮ್ಮವರಿಗೆ ಅಪಾಯ ಕಡಿಮೆ, ಆದ್ದರಿಂದ ಇದು ಕಾನೂನು ಹೇಳುವ ‘ಕಾದಾಟ’ ಅಲ್ಲ. ಕೆಳಗೆ ಬಾಂಬ್ ಬೀಳುತ್ತಿದ್ದವರಿಗೆ ಇದು ಕಾದಾಟ ಅಲ್ಲದೆ ಇನ್ನೇನು? ಆದರೆ ಪದದ ಅರ್ಥ ತೀರ್ಮಾನ ಮಾಡುವವರು ಅದೇ ಪದ ಯಾರನ್ನು ಕಟ್ಟಿಹಾಕಬೇಕಿತ್ತೋ ಅವರೇ. ಡ್ರೋನ್, ಕ್ಷಿಪಣಿಗಳ ಕಾಲದಲ್ಲಿ ಇದು ಇನ್ನೂ ಮುಖ್ಯ. ತಮ್ಮ ಸೈನಿಕರು ಸಾಯದ ಯುದ್ಧ ಯುದ್ಧವೇ ಅಲ್ಲ ಅನ್ನೋದಾದರೆ, ತಂತ್ರಜ್ಞಾನ ಬೆಳೆದಷ್ಟೂ ಸಂಸತ್ತಿನ ಅಧಿಕಾರ ಕರಗುತ್ತೆ. ಆ ತಂತ್ರಜ್ಞಾನ ಕಟ್ಟುವವರು ನಮ್ಮಂಥ ಎಂಜಿನಿಯರ್‌ಗಳೇ.

ಒಪ್ಪಿಗೆ ಕೊಟ್ಟು ಮರೆತರೆ

ಕಾಂಗ್ರೆಸ್ ಮತ ಹಾಕಿದರೂ ಎಲ್ಲಾ ಸರಿಹೋಗಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆದ ಮೂರನೇ ದಿನ ಒಂದು ಒಪ್ಪಿಗೆ ಪಾಸ್ ಆಯಿತು: ಸೆನೆಟ್‌ನಲ್ಲಿ 98-0, ಹೌಸ್‌ನಲ್ಲಿ 420-1. ಆ ಒಂದು ವಿರೋಧದ ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದ್ದು. ಈ ಒಪ್ಪಿಗೆಯಲ್ಲಿ ದೇಶದ ಹೆಸರಿಲ್ಲ, ಮುಗಿಯುವ ದಿನಾಂಕ ಇಲ್ಲ. ದಾಳಿ ಮಾಡಿದವರು, ಅವರಿಗೆ ಆಶ್ರಯ ಕೊಟ್ಟವರ ವಿರುದ್ಧ ಬಲ ಬಳಸಬಹುದು ಅಂತಷ್ಟೇ ಇತ್ತು. ಆಮೇಲೆ ಬಂದ ಅಧ್ಯಕ್ಷರೆಲ್ಲ ಅದನ್ನೇ ಹಿಗ್ಗಿಸಿ, 2014ರಿಂದ ಐಸಿಸ್ ವಿರುದ್ಧದ ಯುದ್ಧಕ್ಕೂ ಅದನ್ನೇ ತೋರಿಸಿದರು. 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದ ಬಾಂಬ್ ದಾಳಿಯಲ್ಲಿ 13 ಅಮೆರಿಕನ್ ಸೈನಿಕರು ಸತ್ತರು. ಅವರಲ್ಲಿ ಕೆಲವರ ವಯಸ್ಸು 20. ಅವರನ್ನು ಅಲ್ಲಿಗೆ ಕಳಿಸಿದ ಮತದಾನ ನಡೆದಾಗ ಅವರು ತೊಟ್ಟಿಲಲ್ಲಿದ್ದ ಕೂಸುಗಳು.

ಅಧ್ಯಕ್ಷರ ಪರವಾದ ವಾದವನ್ನೂ ಇಲ್ಲಿ ನ್ಯಾಯವಾಗಿ ಹೇಳಬೇಕು. ಕ್ಷಿಪಣಿ ಅರ್ಧ ಗಂಟೆಯಲ್ಲಿ ಬಂದು ಬೀಳುವ ಕಾಲದಲ್ಲಿ 535 ಜನ ಚರ್ಚೆ ಮಾಡುತ್ತಾ ಕೂರೋಕೆ ಆಗಲ್ಲ. ಗುಟ್ಟು ಬೇಕು, ವೇಗ ಬೇಕು, ಒಬ್ಬರ ತೀರ್ಮಾನ ಬೇಕು. ಇದು ನಿಜ. ಆದರೆ ಇದು ದಾಳಿ ತಡೆಯುವುದಕ್ಕೆ ಸರಿಹೋಗುವ ವಾದ. ಮೂರು ವರ್ಷ, ಇಪ್ಪತ್ತು ವರ್ಷ ನಡೆಯುವ ಯುದ್ಧಕ್ಕೆ ಅರ್ಧ ಗಂಟೆಯ ತುರ್ತು ಹೇಗೆ ನೆಪ ಆಗುತ್ತೆ?

ಇನ್ನು ತಪ್ಪು ಬರೀ ಅಧ್ಯಕ್ಷರದ್ದು ಅಂತಲೂ ಹೇಳೋಕೆ ಆಗಲ್ಲ. ಮತ ಹಾಕದೇ ಇರೋದು ಸದಸ್ಯರಿಗೂ ಅನುಕೂಲ. ಯುದ್ಧ ಗೆದ್ದರೆ ಜೊತೆಗೆ ಫೋಟೋ, ಸೋತರೆ ‘ನಮ್ಮನ್ನು ಕೇಳಲೇ ಇಲ್ಲ’. 2013ರಲ್ಲಿ ಸಿರಿಯಾದ ಮೇಲೆ ದಾಳಿ ಮಾಡೋಕೆ ಒಬಾಮಾ ತಾವಾಗಿ ಕಾಂಗ್ರೆಸ್‌ನ ಒಪ್ಪಿಗೆ ಕೇಳಿದರು. ಎರಡೂ ಸದನಗಳಲ್ಲಿ ಪೂರ್ಣ ಮತದಾನ ನಡೆಯಲೇ ಇಲ್ಲ.

ನಮ್ಮಲ್ಲಿ ಹೇಗೆ?

ಇಷ್ಟು ಓದಿದ ಮೇಲೆ ಭಾರತದಲ್ಲಿ ಹೇಗೆ ಅನ್ನೋ ಪ್ರಶ್ನೆ ಬರಲೇಬೇಕು. ನಮ್ಮ ಸಂವಿಧಾನದ 53ನೇ ವಿಧಿ ಸೇನೆಯ ಸರ್ವೋಚ್ಚ ಅಧಿಕಾರವನ್ನು ರಾಷ್ಟ್ರಪತಿಗೆ ಕೊಡುತ್ತೆ, ಅದರ ಬಳಕೆ ಕಾನೂನಿಗೆ ಒಳಪಟ್ಟಿರಬೇಕು ಅನ್ನುತ್ತೆ. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 15ನೇ ನಮೂದು ‘ಯುದ್ಧ ಮತ್ತು ಶಾಂತಿ’. ಆದರೆ ಸೈನ್ಯ ಕಳಿಸುವ ಮುಂಚೆ ಸಂಸತ್ತು ಮತ ಹಾಕಬೇಕು ಅಂತ ಯಾವ ವಿಧಿಯಲ್ಲೂ ಇಲ್ಲ. 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದದ್ದು ಸರ್ಕಾರದ ಒಪ್ಪಂದದ ಮೇಲೆ. ಅಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು.

ನಮ್ಮ ತಡೆ ಬೇರೆ ಥರದ್ದು. ಮಂತ್ರಿಮಂಡಲ ಲೋಕಸಭೆಗೆ ಉತ್ತರ ಕೊಡಬೇಕು, ವಿಶ್ವಾಸ ಕಳೆದುಕೊಂಡರೆ ಮನೆಗೆ ಹೋಗಬೇಕು. ಅಧ್ಯಕ್ಷರನ್ನು ನಾಲ್ಕು ವರ್ಷ ಅಲ್ಲಾಡಿಸೋಕೆ ಕಷ್ಟ ಇರುವ ಅಮೆರಿಕಕ್ಕಿಂತ ಇದು ಗಟ್ಟಿ ತಡೆ ಅನ್ನಿಸಬಹುದು. ಆದರೆ ಸ್ವಂತ ಬಹುಮತ ಇರುವ ಸರ್ಕಾರವನ್ನು ಅದರದ್ದೇ ಪಕ್ಷದ ಸದಸ್ಯರು ಯುದ್ಧದ ನಡುವೆ ಪ್ರಶ್ನಿಸುವುದು ಅಪರೂಪ. 1999ರಲ್ಲಂತೂ ಇನ್ನೂ ವಿಶೇಷ. ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿತ್ತು, ಲೋಕಸಭೆ ವಿಸರ್ಜನೆ ಆಯಿತು. ಮೇ ತಿಂಗಳಿಂದ ಜುಲೈ ತನಕ ಕಾರ್ಗಿಲ್ ಯುದ್ಧ ನಡೆದಾಗ ದೇಶದಲ್ಲಿ ಇದ್ದದ್ದು ಉಸ್ತುವಾರಿ ಸರ್ಕಾರ, ಉತ್ತರ ಕೇಳಲು ಲೋಕಸಭೆಯೇ ಇರಲಿಲ್ಲ. ಅದು ನಮ್ಮ ನೆಲಕ್ಕೆ ನುಗ್ಗಿದವರನ್ನು ಹಿಮ್ಮೆಟ್ಟಿಸುವ ಯುದ್ಧ, 1787ರವರ ಲೆಕ್ಕದಲ್ಲೂ ಮತಕ್ಕೆ ಕಾಯಬೇಕಾಗಿರಲಿಲ್ಲ. ಆದರೆ ಬೇರೆ ಥರದ ಯುದ್ಧ ಆಗಿದ್ದರೆ ಯಾರು ಕೇಳುತ್ತಿದ್ದರು ಅನ್ನೋ ಪ್ರಶ್ನೆ ಹಾಗೇ ಇದೆ.

ಇದನ್ನೆಲ್ಲ ತಿಳಿದು ಏನು ಮಾಡೋದು?

ಅಮೆರಿಕದಲ್ಲಿ ಡ್ರಾಫ್ಟ್ 1973ರಲ್ಲೇ ನಿಂತಿದೆ. ಆದರೆ 18ರಿಂದ 25 ವಯಸ್ಸಿನ ಗಂಡುಮಕ್ಕಳ ಹೆಸರು ನೋಂದಣಿ ಆಗಿರಬೇಕು ಅನ್ನುವ ಕಾನೂನು 1980ರಿಂದ ಮತ್ತೆ ಜಾರಿಯಲ್ಲಿದೆ. ಎಂಎಸ್ ಮಾಡಲು ಸ್ಟೂಡೆಂಟ್ ವೀಸಾದಲ್ಲಿ ಹೋಗುವ ನಮ್ಮ ಸೀನಿಯರ್‌ಗಳಿಗೆ ಇದು ಅನ್ವಯ ಆಗಲ್ಲ. ಗ್ರೀನ್ ಕಾರ್ಡ್ ಸಿಕ್ಕ, ಆ ವಯಸ್ಸಿನ ಕನ್ನಡದ ಹುಡುಗರಿಗೆ, ಅಲ್ಲೇ ಹುಟ್ಟಿ ಬೆಳೆದವರಿಗೆ ಆಗುತ್ತೆ. ಹಾಗಾಗಿ ಇದು ದೂರದ ದೇಶದ ಕಾನೂನು ಪಾಠ ಮಾತ್ರ ಅಲ್ಲ.

ಮುಂದಿನ ಸಲ ಯಾವುದೇ ದೇಶ ಎಲ್ಲಾದರೂ ‘ಸೀಮಿತ ಕಾರ್ಯಾಚರಣೆ’ ಶುರು ಮಾಡಿದೆ ಅಂತ ಫೋನ್‌ನಲ್ಲಿ ನೋಟಿಫಿಕೇಶನ್ ಬಂದಾಗ, ಯಾರ ಹತ್ತಿರ ಎಷ್ಟು ವಿಮಾನ ಇದೆ ಅಂತ ಹುಡುಕುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಇದಕ್ಕೆ ಯಾರು ಮತ ಹಾಕಿದರು? ಆ ಒಪ್ಪಿಗೆ ಯಾವತ್ತು ಮುಗಿಯುತ್ತೆ? ಯಾರೂ ಏನೂ ಮಾಡದೆ ಸುಮ್ಮನೆ ಕೂತರೆ ಯುದ್ಧ ನಿಲ್ಲುತ್ತಾ, ಮುಂದುವರಿಯುತ್ತಾ? ಮೂರರಲ್ಲಿ ಕೊನೆಯದೇ ಮುಖ್ಯ. ಏಕೆಂದರೆ ಸಂಸತ್ತುಗಳು ಹೆಚ್ಚಿನ ಸಮಯ ಮಾಡುವುದು ಅದನ್ನೇ, ಸುಮ್ಮನೆ ಕೂರುವುದನ್ನು.